ಉಪ್ಸಲಾದ ಜೆಲ್, ಲಂಡನ್ನಿನ ಪಿಷ್ಟ

ಸಕ್ಕರೆ ಕಾರ್ಖಾನೆಯವರಿಗೆ ಲೋಳೆಯೆಂದರೆ ತಲೆನೋವು. ಕಡಿದ ಕಬ್ಬನ್ನು ಅರೆಯದೆ ದಿನಗಟ್ಟಲೆ ಬಿಸಿಲಲ್ಲಿ ಬಿಟ್ಟರೆ, ಬೀಟ್ ಗೆಡ್ಡೆ ಹಿಮಕ್ಕೆ ಸಿಕ್ಕಿ ಹಾಳಾದರೆ, ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಅದರೊಳಗೆ ಬೀಡುಬಿಡುತ್ತದೆ. ಸಕ್ಕರೆಯನ್ನು ಒಡೆದು, ಅದರ ಗ್ಲೂಕೋಸನ್ನು ಸರಪಳಿಯಾಗಿ ಪೋಣಿಸಿ, ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವನ್ನು ಕಟ್ಟುತ್ತದೆ. ರಸ ಎಳೆಎಳೆಯಾಗುತ್ತದೆ, ಸೋಸುಬಟ್ಟೆ ಕಟ್ಟಿಕೊಳ್ಳುತ್ತದೆ, ಸಕ್ಕರೆ ಹರಳುಗಟ್ಟಲು ತಡವಾಗುತ್ತದೆ. ಕಾರ್ಖಾನೆಗೆ ನಷ್ಟ ತರುವ ಈ ಲೋಳೆಯೇ ಇಪ್ಪತ್ತನೆಯ ಶತಮಾನದ ನಡುವೆ ಸ್ವೀಡನ್ನಿನ ಉಪ್ಸಲಾ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಪ್ರೋಟೀನುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಸಾಧನವಾಯಿತು. ಜೀವರಸಾಯನದ ಪಠ್ಯಗಳು ಈ ವಿಧಾನವನ್ನು 1959ರ ಒಂದು ಶೋಧವೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆ ಸಾಲು ತಪ್ಪಲ್ಲ, ಆದರೆ ಸಾಲದು. ತತ್ವ ಅದಕ್ಕಿಂತ ಮೊದಲೇ ಇನ್ನೊಂದು ಊರಿನಲ್ಲಿ ಸ್ಪಷ್ಟವಾಗಿ ಗೊತ್ತಾಗಿತ್ತು. ಅಲ್ಲಿ ಇಲ್ಲದಿದ್ದುದು ತಕ್ಕ ವಸ್ತು. ಈ ವಿಧಾನದ ಚರಿತ್ರೆಯನ್ನು ನಡೆಸಿದ್ದು ಹೊಳಹಿಗಿಂತ ಹೆಚ್ಚಾಗಿ ಆ ವಸ್ತು ಎಂಬುದು ನನ್ನ ವಾದ.

ಪ್ರೋಟೀನಿನ ಗಾತ್ರ ತಿಳಿಯುವುದು ಯಾಕೆ ಅಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ಮೊದಲು ನೋಡಬೇಕು. 1920ರ ದಶಕದಲ್ಲಿ ಪ್ರೋಟೀನಿಗೆ ಒಂದು ಖಚಿತವಾದ ಅಣುತೂಕ ಇದೆಯೆಂದು ಒಪ್ಪದ ರಸಾಯನಜ್ಞರು ಬಹಳ ಮಂದಿ ಇದ್ದರು. ಅವರ ಪ್ರಕಾರ ಅದು ಸಣ್ಣ ಸಣ್ಣ ಅಣುಗಳು ಒಟ್ಟಿಗೆ ಅಂಟಿಕೊಂಡ ಗುಂಪು. ಇಂದು ಒಂದು ಅಳತೆ, ನಾಳೆ ಇನ್ನೊಂದು. ಉಪ್ಸಲಾದಲ್ಲಿ ಥಿಯೊಡೊರ್ ಸ್ವೆಡ್‌ಬರ್ಗ್ ಕಟ್ಟಿದ ಅಲ್ಟ್ರಾಸೆಂಟ್ರಿಫ್ಯೂಜ್ ಈ ನಂಬಿಕೆಯನ್ನು ಅಲುಗಾಡಿಸಿತು. ರಕ್ತದ ಹಿಮೋಗ್ಲೋಬಿನ್ನನ್ನು ಭಾರಿ ವೇಗದಲ್ಲಿ ತಿರುಗಿಸಿದಾಗ ಅದರ ಅಣುಗಳೆಲ್ಲ ಒಂದೇ ತೂಕದವು, ಆ ತೂಕ ಸುಮಾರು 67,000 ಎಂದು ಕಂಡಿತು. ಸ್ವೆಡ್‌ಬರ್ಗ್‌ಗೆ 1926ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಆರ್ನೆ ಟಿಸೆಲಿಯಸ್ ಅದೇ ಊರಿನಲ್ಲಿ ಇನ್ನೊಂದು ದಾರಿ ಹಿಡಿದರು. ವಿದ್ಯುತ್ ಕ್ಷೇತ್ರದಲ್ಲಿ ಪ್ರೋಟೀನುಗಳು ಬೇರೆ ಬೇರೆ ವೇಗದಲ್ಲಿ ಚಲಿಸುವುದನ್ನು ಬಳಸಿಕೊಂಡು ರಕ್ತದ್ರವದ ಪ್ರೋಟೀನುಗಳನ್ನು ವಿಂಗಡಿಸಿದರು. 1948ರಲ್ಲಿ ಅವರಿಗೂ ನೊಬೆಲ್ ಬಂತು. ಎರಡೂ ಅದ್ಭುತ ಸಾಧನೆಗಳೇ. ಆದರೆ ಸ್ವೆಡ್‌ಬರ್ಗರ ಯಂತ್ರ ಒಂದು ಕೋಣೆಯನ್ನೇ ತುಂಬುವಂಥದು, ಅದನ್ನು ನಡೆಸಲು ಪಳಗಿದ ಕೈ ಬೇಕು, ಹಣವಂತೂ ಬೇಕೇ ಬೇಕು. ಜಗತ್ತಿನ ಬಹುಪಾಲು ಲ್ಯಾಬುಗಳಿಗೆ ಪ್ರೋಟೀನಿನ ಗಾತ್ರ ಎಂಬುದು ಇನ್ನೊಬ್ಬರನ್ನು ಕೇಳಿ ತಿಳಿಯಬೇಕಾದ ಸಂಗತಿಯಾಗಿತ್ತು.

ಈ ಕೊರತೆಯನ್ನು ಮುಂದೆ ನೀಗಿಸಿದ್ದು ಕಾಲಂ, ಅಂದರೆ ಪುಡಿಯನ್ನೋ ಜೆಲ್ಲನ್ನೋ ತುಂಬಿದ ಕೊಳವೆ. ಅದರ ಕಥೆ ಇದಕ್ಕಿಂತ ಹಳೆಯದು. ವಾರ್ಸಾದಲ್ಲಿ ಕೆಲಸ ಮಾಡುತ್ತಿದ್ದ ರಷ್ಯನ್ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ, ಎಲೆಯ ರಸವನ್ನು ಅದರ ಮೂಲಕ ಇಳಿಸಿ, ಹಸಿರು ಹಳದಿ ಬಣ್ಣಗಳನ್ನು ಪಟ್ಟೆಪಟ್ಟೆಯಾಗಿ ಬಿಡಿಸಿ ತೋರಿಸಿದ್ದರು. ಅಲ್ಲಿ ಕೆಲಸ ನಡೆಯುವುದು ಅಂಟಿನ ಮೇಲೆ: ಪುಡಿಗೆ ಹೆಚ್ಚು ಅಂಟುವುದು ಹಿಂದೆ ಉಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಹೋಗುತ್ತದೆ. ಪ್ರೋಟೀನಿನ ಮಟ್ಟಿಗೆ ಈ ಅಂಟೇ ತೊಡಕು. ಬಲವಾಗಿ ಅಂಟಿದ ಪ್ರೋಟೀನನ್ನು ಬಿಡಿಸಲು ಕಟುವಾದ ದ್ರಾವಣ ಸುರಿಯಬೇಕು. ಸುರಿದರೆ ಅದರ ಮಡಿಕೆಗಳು ಬಿಚ್ಚಿಕೊಂಡು ಅದು ಕೆಲಸಕ್ಕೆ ಬಾರದಂತಾಗಬಹುದು. ಯಾವುದಕ್ಕೂ ಅಂಟದ, ನೀರನ್ನು ಕುಡಿದು ಉಬ್ಬುವ, ಪ್ರೋಟೀನಿನ ತಂಟೆಗೆ ಹೋಗದ ಒಂದು ಪದಾರ್ಥ ಬೇಕಿತ್ತು.

ಅಂಥ ಪದಾರ್ಥ ಉಪ್ಸಲಾಕ್ಕೆ ಬಂದದ್ದು ಪ್ರೋಟೀನಿನ ಹಾದಿಯಲ್ಲಲ್ಲ. 1940ರ ದಶಕದ ಮೊದಲ ವರ್ಷಗಳಲ್ಲಿ ಟಿಸೆಲಿಯಸರ ಸಂಸ್ಥೆಯಲ್ಲಿ ಬ್ಯೋರ್ನ್ ಇಂಗೆಲ್‌ಮನ್ ಬೀಟ್ ರಸವನ್ನು ಪರೀಕ್ಷಿಸುತ್ತಾ ಅದರಲ್ಲಿದ್ದ ಡೆಕ್ಸ್‌ಟ್ರಾನಿನ ಬೆನ್ನು ಹತ್ತಿದರು. ಜೊತೆಗಿದ್ದ ವೈದ್ಯ ಆಂಡರ್ಸ್ ಗ್ರೋನ್‌ವಾಲ್‌ಗೆ ಅದರಲ್ಲಿ ಬೇರೊಂದು ಉಪಯೋಗ ಕಂಡಿತು. ಯುದ್ಧದ ಕಾಲ, ರಕ್ತ ಸುರಿಸಿಕೊಂಡವರ ನಾಳಗಳಲ್ಲಿ ದ್ರವವನ್ನು ಹಿಡಿದಿಡಲು ರಕ್ತದ್ರವಕ್ಕೆ ಬದಲಿಯೊಂದನ್ನು ಎಲ್ಲರೂ ಹುಡುಕುತ್ತಿದ್ದರು. ಡೆಕ್ಸ್‌ಟ್ರಾನನ್ನು ಬೇಕಾದ ಉದ್ದಕ್ಕೆ ತುಂಡರಿಸಿದರೆ ಆ ಕೆಲಸಕ್ಕೆ ಒದಗುತ್ತದೆ ಎಂದು ಇಬ್ಬರೂ ತೋರಿಸಿದರು. ಫಾರ್ಮಾಸಿಯಾ ಎಂಬ ಸ್ವೀಡಿಷ್ ಔಷಧ ಕಂಪನಿ ಇದನ್ನು ಕೈಗೆತ್ತಿಕೊಂಡು 1947ರಲ್ಲಿ ಮ್ಯಾಕ್ರೊಡೆಕ್ಸ್ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. 1950ರ ಸುಮಾರಿಗೆ ಸ್ಟಾಕ್‌ಹೋಮನ್ನು ಬಿಟ್ಟು ಉಪ್ಸಲಾಕ್ಕೇ ಬಂದು ನೆಲೆಸಿತು. ಈ ಸಂಗತಿಗೆ ನಾನು ತುಂಬ ತೂಕ ಕೊಡುತ್ತೇನೆ. ರೋಗಿಯ ರಕ್ತನಾಳಕ್ಕೆ ಹೋಗುವ ಪದಾರ್ಥ ಪ್ರತಿ ಬಾರಿಯೂ ಒಂದೇ ಹದದಲ್ಲಿರಬೇಕು, ಅಣುವಿನ ಉದ್ದ ಒಂದು ಮಿತಿಯೊಳಗಿರಬೇಕು. ಹಾಗೆ ತಯಾರಿಸುವುದನ್ನು ಆ ಕಂಪನಿ ಔಷಧಕ್ಕಾಗಿ ಕಲಿತಿತ್ತು. ಆ ಕಲಿಕೆ ಮುಂದೆ ಲ್ಯಾಬಿನ ಜೆಲ್‌ಗೆ ಬಂಡವಾಳವಾಯಿತು.

ಇನ್ನು ವಿಧಾನದ ತತ್ವ. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಜರಡಿಯಲ್ಲಿ ಸಣ್ಣದು ಕೆಳಗೆ ಬೀಳುತ್ತದೆ, ದಪ್ಪದ್ದು ಮೇಲೆ ನಿಲ್ಲುತ್ತದೆ. ಇಲ್ಲಿ ದೊಡ್ಡ ಅಣುವೇ ಮೊದಲು ಹೊರಬರುತ್ತದೆ. ಕಾಲಂನಲ್ಲಿ ತುಂಬಿರುವುದು ನೀರು ಕುಡಿದು ಉಬ್ಬಿದ ಜೆಲ್‌ನ ಕಣಗಳು. ಕಣದ ಮೈತುಂಬ ಸೂಕ್ಷ್ಮ ರಂಧ್ರಗಳು. ಕಣ ಮತ್ತು ಕಣದ ನಡುವೆಯೂ ದ್ರವ ಹರಿಯುವ ಸಂದು. ಜಾತ್ರೆಯಲ್ಲಿ ತೇರು ರಥಬೀದಿ ಬಿಟ್ಟು ಕದಲದು, ಮಕ್ಕಳು ಮಾತ್ರ ಪ್ರತಿ ಓಣಿಗೂ ನುಗ್ಗಿ ಬರುವುದರಿಂದ ಹಿಂದೆ ಬೀಳುತ್ತಾರೆ. ಹಾಗೆಯೇ ರಂಧ್ರದೊಳಗೆ ಹೋಗಲಾರದ ದೊಡ್ಡ ಅಣು ಕಣಗಳ ನಡುವಿನ ಸಂದಿನಲ್ಲೇ ಇಳಿದು ಮೊದಲು ಹೊರಬೀಳುತ್ತದೆ, ಸಣ್ಣ ಅಣು ಒಳಹೊಕ್ಕು ಹೊರಬಂದು ತಡವಾಗಿ ತಲುಪುತ್ತದೆ, ನಡುವಿನ ಗಾತ್ರದ್ದು ನಡುವೆ ಬರುತ್ತದೆ. ಪ್ರೋಟೀನ್ ಯಾವುದಕ್ಕೂ ಅಂಟಬೇಕಿಲ್ಲ, ಬಿಡಿಸಿಕೊಳ್ಳಬೇಕಿಲ್ಲ. ಹಾಕಿದ್ದೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿ ಸಿಗುತ್ತದೆ.

ಈ ತತ್ವವನ್ನು ಸ್ಪಷ್ಟವಾಗಿ ಹೇಳಿ ಅಳತೆಗೆ ಇಳಿಸಿದವರು ಲಂಡನ್ನಿನ ಕ್ವೀನ್ ಷಾರ್ಲಟ್ಸ್ ಹೆರಿಗೆ ಆಸ್ಪತ್ರೆಯ ಗ್ರಾಂಟ್ ಲೇಥ್ ಮತ್ತು ಕಾಲಿನ್ ರೂಥ್ವೆನ್. ಅವರು ಬಳಸಿದ್ದು ನೀರಿನಲ್ಲಿ ಉಬ್ಬಿಸಿದ ಪಿಷ್ಟದ ಕಣಗಳನ್ನು. ಆ ಪಿಷ್ಟದ ಕಾಲಂನಿಂದ ಪದಾರ್ಥಗಳು ಗಾತ್ರದ ಅನುಕ್ರಮದಲ್ಲಿ ಹೊರಬರುತ್ತವೆ, ಎಷ್ಟು ದ್ರವ ಇಳಿದ ಮೇಲೆ ಬಂದವು ಎಂಬುದರಿಂದ ಅಣುವಿನ ಗಾತ್ರವನ್ನು ಅಂದಾಜು ಮಾಡಬಹುದು ಎಂದು 1956ರಲ್ಲಿ ಬಯೋಕೆಮಿಕಲ್ ಜರ್ನಲ್‌ನಲ್ಲಿ ವಿವರವಾಗಿ ಬರೆದರು. ಪಿಷ್ಟಕ್ಕೆ ಇಂಥ ಗುಣ ಇದೆಯೆಂದು 1955ರಲ್ಲಿ ಲಿಂಡ್‌ಕ್ವಿಸ್ಟ್ ಮತ್ತು ಸ್ಟೋರ್‌ಗೋರ್ಡ್ಸ್ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ಆದರೂ ಈ ಬರಹಗಳು ಲ್ಯಾಬುಗಳ ರೂಢಿಯನ್ನು ಬದಲಿಸಲಿಲ್ಲ. ಕಾರಣ ಪಿಷ್ಟದ ಸ್ವಭಾವದಲ್ಲೇ ಇತ್ತು. ಕಾಳಿನಿಂದ ಕಾಳಿಗೆ, ಗೆಡ್ಡೆಯಿಂದ ಗೆಡ್ಡೆಗೆ ಅದರ ಕಣ ಬದಲಾಗುತ್ತದೆ. ಉಬ್ಬಿಸಿದ ಪಿಷ್ಟ ಮೆತ್ತಗಾಗಿ ಕುಸಿಯುತ್ತದೆ, ದ್ರವ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಸೂಕ್ಷ್ಮಜೀವಿಗಳಿಗೂ ಅಮೈಲೇಸ್‌ನಂಥ ಕಿಣ್ವಗಳಿಗೂ ಅದು ಆಹಾರ. ಪಿಷ್ಟ ಒಡೆಯುವ ಕಿಣ್ವವನ್ನು ಪಿಷ್ಟದ ಕಾಲಂನಲ್ಲಿ ಶುದ್ಧಗೊಳಿಸಲು ಹೊರಟರೆ ಆಗುವುದೇನೆಂದು ಹೇಳಬೇಕಿಲ್ಲ. ಒಬ್ಬರು ಪಡೆದ ಅಂಕಿಯನ್ನು ಇನ್ನೊಬ್ಬರು ತಮ್ಮ ಊರಿನಲ್ಲಿ ಪಡೆಯುವುದು ಕಷ್ಟವಾಗಿತ್ತು.

ಅದೇ ಹೊತ್ತಿಗೆ ಉಪ್ಸಲಾದಲ್ಲಿ ಟಿಸೆಲಿಯಸರ ಬಳಿ ಯೆರ್ಕರ್ ಪೊರಾಟ್ ಕೊಳವೆಯೊಳಗೆ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ಕೆಲಸದಲ್ಲಿದ್ದರು. ಕೊಳವೆಯಲ್ಲಿ ದ್ರವ ಕಲಕದಂತೆ ಹಿಡಿದಿಡಲು ಏನನ್ನಾದರೂ ತುಂಬಬೇಕು; ಪಿಷ್ಟ, ಸೆಲ್ಯುಲೋಸ್, ಗಾಜಿನ ಪುಡಿ ಹೀಗೆ ಹಲವನ್ನು ಪ್ರಯತ್ನಿಸಿದ್ದರು. ಅವರ ಹಳೆಯ ಸಹೋದ್ಯೋಗಿ ಪೇರ್ ಫ್ಲೊದಿನ್ ಅಷ್ಟರಲ್ಲಿ ಫಾರ್ಮಾಸಿಯಾ ಸೇರಿದ್ದರು. ಅಲ್ಲಿ ಡೆಕ್ಸ್‌ಟ್ರಾನಿಗೆ ಕೊರತೆಯೇ ಇರಲಿಲ್ಲ. ಡೆಕ್ಸ್‌ಟ್ರಾನಿನ ಎಳೆಗಳನ್ನು ಎಪಿಕ್ಲೋರೊಹೈಡ್ರಿನ್ ಬಳಸಿ ಒಂದಕ್ಕೊಂದು ಬೆಸೆದರೆ ಅದು ನೀರಿನಲ್ಲಿ ಕರಗದೆ ಉಬ್ಬುವ ಜೆಲ್ ಆಗುತ್ತದೆ. ಈ ಜೆಲ್‌ನ ಕಾಲಂನಲ್ಲಿ ದೊಡ್ಡ ಮತ್ತು ಸಣ್ಣ ಅಣುಗಳು ತಾವಾಗಿಯೇ ಬೇರೆಯಾಗುತ್ತವೆ, ವಿದ್ಯುತ್ತಿನ ಅಗತ್ಯವೇ ಇಲ್ಲ ಎಂಬುದು ಪೊರಾಟ್ ಮತ್ತು ಫ್ಲೊದಿನ್ ಇಬ್ಬರಿಗೂ ಕಂಡಿತು. 1959ರ ಜೂನ್‌ನಲ್ಲಿ ನೇಚರ್ ಪತ್ರಿಕೆ ಇಬ್ಬರ ಚಿಕ್ಕ ಲೇಖನವನ್ನು ಪ್ರಕಟಿಸಿತು. ಅದೇ ವರ್ಷ ಫಾರ್ಮಾಸಿಯಾ ಸೆಫಾಡೆಕ್ಸ್ ಎಂಬ ಹೆಸರಿನಲ್ಲಿ ಜೆಲ್ಲನ್ನು ಮಾರತೊಡಗಿತು. ಗಮನಿಸಬೇಕಾದದ್ದು, ಆ ಲೇಖನದ ಶೀರ್ಷಿಕೆ ಹೇಳಿಕೊಂಡಿದ್ದು ಎರಡೇ ಕೆಲಸ: ಪ್ರೋಟೀನ್ ದ್ರಾವಣದಿಂದ ಲವಣ ತೆಗೆಯುವುದು, ಪದಾರ್ಥಗಳನ್ನು ಗುಂಪುಗುಂಪಾಗಿ ಬೇರ್ಪಡಿಸುವುದು. ಅಣುವಿನ ಗಾತ್ರದ ಅಂದಾಜು ಎಂಬ ಮಾತು ಮೂರು ವರ್ಷ ಹಿಂದಿನ ಲಂಡನ್ನಿನ ಶೀರ್ಷಿಕೆಯಲ್ಲಿತ್ತು, ಉಪ್ಸಲಾದ್ದರಲ್ಲಿ ಇರಲಿಲ್ಲ. ಹೊಳಹನ್ನು ಮಾತ್ರ ತೂಗಿದರೆ ಲಂಡನ್ನಿನ ತಟ್ಟೆಯೇ ಕೆಳಗಿಳಿಯುತ್ತದೆ. ಗೆದ್ದದ್ದು ಉಪ್ಸಲಾ.

ಯಾಕೆ ಗೆದ್ದಿತು ಎಂಬುದು ಕೆಲಸವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಸೆಫಾಡೆಕ್ಸ್ ಬರುತ್ತಿದ್ದುದು ಒಣಗಿದ ಬಿಳಿ ಪುಡಿಯಾಗಿ. ಡಬ್ಬಿಯ ಮೇಲೆ ಜಿ-25, ಜಿ-75, ಜಿ-200 ಎಂದು ಗುರುತು. ಒಂದು ಗ್ರಾಂ ಪುಡಿ ಎಷ್ಟು ಮಿಲಿಲೀಟರ್ ನೀರು ಕುಡಿಯುತ್ತದೆ ಎಂಬುದರ ಹತ್ತು ಪಟ್ಟು ಆ ಅಂಕಿ. ಜಿ-25 ಎಂದರೆ ಎರಡೂವರೆ ಮಿಲಿಲೀಟರ್, ಜಿ-200 ಎಂದರೆ ಇಪ್ಪತ್ತು. ಬೆಸುಗೆ ಕಡಿಮೆಯಾದಷ್ಟೂ ಜೆಲ್ ಹೆಚ್ಚು ಉಬ್ಬುತ್ತದೆ, ರಂಧ್ರ ಹಿಗ್ಗುತ್ತದೆ, ಇನ್ನೂ ದೊಡ್ಡ ಪ್ರೋಟೀನು ಒಳಗೆ ಹೋಗಬಲ್ಲದು. ಜಿ-200 ಪೂರ್ತಿ ಉಬ್ಬಲು ಕೋಣೆಯ ಉಷ್ಣತೆಯಲ್ಲಿ ಮೂರು ದಿನ ಬೇಕು. ಅವಸರವಿದ್ದವರು ಕುದಿನೀರಿನ ಮೇಲಿಟ್ಟು ಐದು ಗಂಟೆಯಲ್ಲಿ ಮುಗಿಸುತ್ತಿದ್ದರು. ಉಬ್ಬಿದ ಜೆಲ್ಲನ್ನು ಗುಳ್ಳೆ ಸಿಕ್ಕಿಕೊಳ್ಳದಂತೆ ಕೊಳವೆಯ ಗೋಡೆಗುಂಟ ಒಂದೇ ಸಮ ಸುರಿದು ಇಳಿಯಲು ಬಿಡಬೇಕು. ಮೊದಲು ಹಾಕುವುದು ನೀಲಿ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನನ್ನು. ಅದರ ಅಣುತೂಕ ಸುಮಾರು ಇಪ್ಪತ್ತು ಲಕ್ಷ, ಯಾವ ರಂಧ್ರದೊಳಗೂ ಹೋಗದು. ನೀಲಿ ಪಟ್ಟೆ ನೇರವಾಗಿ, ತೆಳ್ಳಗೆ ಇಳಿದರೆ ಕಾಲಂ ಸರಿಯಾಗಿ ಕೂತಿದೆ ಎಂದರ್ಥ. ಓರೆಯಾದರೆ ಎಲ್ಲವನ್ನೂ ಹೊರತೆಗೆದು ಮತ್ತೆ ತುಂಬಬೇಕು. ಆಮೇಲೆ ಪ್ರೋಟೀನ್ ಹಾಕಿ, ಬಫರ್ ಹರಿಸುತ್ತಾ, ಕೆಳಗೆ ಸಾಲು ಪ್ರನಾಳಗಳಲ್ಲಿ ಹಿಡಿದು, ಒಂದೊಂದರಲ್ಲೂ 280 ನ್ಯಾನೋಮೀಟರಿನ ಬೆಳಕು ಎಷ್ಟು ಹೀರಿಕೆಯಾಗುತ್ತದೆಂದು ನೋಡಿದರೆ ಪ್ರೋಟೀನ್ ಎಲ್ಲಿ ಬಂತೆಂದು ತಿಳಿಯುತ್ತದೆ. ಒಂದು ಗಾಜಿನ ಕೊಳವೆ, ಒಂದು ಡಬ್ಬಿ ಪುಡಿ, ಬೆಳಕು ಅಳೆಯುವ ಒಂದು ಉಪಕರಣ: ಇಷ್ಟಿದ್ದರೆ ಯಾವ ಊರಿನ ಲ್ಯಾಬಾದರೂ ಈ ಕೆಲಸಕ್ಕೆ ಇಳಿಯಬಹುದಿತ್ತು. ಡಯಾಲಿಸಿಸ್ ಚೀಲದಲ್ಲಿ ರಾತ್ರಿಯಿಡೀ ಇಟ್ಟು ತೆಗೆಯುತ್ತಿದ್ದ ಲವಣವನ್ನು ಜಿ-25ರ ಚಿಕ್ಕ ಕಾಲಂ ನಿಮಿಷಗಳಲ್ಲಿ ತೆಗೆದುಬಿಡುತ್ತಿತ್ತು. ಡಬ್ಬಿಯ ಮೇಲಿನ ಅಂಕಿ ಎಲ್ಲ ಊರಲ್ಲೂ ಒಂದೇ ಅರ್ಥ ಕೊಡುತ್ತಿತ್ತು ಎಂಬುದೇ ಪಿಷ್ಟಕ್ಕೂ ಇದಕ್ಕೂ ಇದ್ದ ಅಂತರ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಹಾಗಾದರೆ ಕೀರ್ತಿಯನ್ನು ಪುಡಿ ಮಾರಿದವರಿಗೆ ಕೊಟ್ಟು, ತತ್ವ ಕಂಡವರನ್ನು ಬದಿಗೆ ಸರಿಸುವುದು ನ್ಯಾಯವೇ? ನ್ಯಾಯವಲ್ಲ, ಮತ್ತು ನಾನು ಹೇಳುತ್ತಿರುವುದು ಅದನ್ನಲ್ಲ. ಲೇಥ್ ಮತ್ತು ರೂಥ್ವೆನ್ ಅವರಿಗೆ ಮುಂದೆ ಈ ಶೋಧಕ್ಕಾಗಿ ಅಮೆರಿಕದ ಜಾನ್ ಸ್ಕಾಟ್ ಪ್ರಶಸ್ತಿ ಸಂದಿತು; ಅವರ ಮುಂಚೂಣಿಯನ್ನು ಬಲ್ಲವರು ಒಪ್ಪಿದ್ದಾರೆ. ಆದರೆ ತತ್ವವನ್ನು ಮೊದಲು ಅಳತೆಗೆ ಇಳಿಸಿದವರು ಯಾರು ಎಂಬುದು ಒಂದು ಪ್ರಶ್ನೆ, ಲ್ಯಾಬುಗಳು ಯಾಕೆ ಬದಲಾದವು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಲಂಡನ್, ಎರಡನೆಯದಕ್ಕೆ ಉಪ್ಸಲಾ. ಎರಡನ್ನೂ ಒಂದೇ ಉತ್ತರದಲ್ಲಿ ಮುಗಿಸಲು ಹೋಗಿ ಪಠ್ಯಗಳು ಎಡವುತ್ತವೆ. ಇನ್ನೊಂದು ಆಕ್ಷೇಪ: ಡೆಕ್ಸ್‌ಟ್ರಾನ್ ಇಲ್ಲದಿದ್ದರೆ ಬೇರೊಂದು ಜೆಲ್ ಬರುತ್ತಿತ್ತು, ಹಾಗಾಗಿ ವಸ್ತುವಿಗೆ ಇಷ್ಟು ಮಹತ್ವ ಬೇಡ. ಬೇರೆ ಜೆಲ್‌ಗಳು ಬಂದದ್ದು ನಿಜ. 1960ರ ದಶಕದ ಮೊದಲ ವರ್ಷಗಳಲ್ಲೇ ಸ್ಟೆಲ್ಲನ್ ಯೆರ್ಟೆನ್ ಅಗರೋಸ್ ಜೆಲ್ಲನ್ನೂ ಪಾಲಿಅಕ್ರಿಲಮೈಡ್ ಕಣಗಳನ್ನೂ ಈ ಕೆಲಸಕ್ಕೆ ಒಗ್ಗಿಸಿದರು. 1964ರಲ್ಲಿ ಅಮೆರಿಕದ ಡೌ ಕಂಪನಿಯ ಜಾನ್ ಮೂರ್ ಪಾಲಿಸ್ಟೈರೀನ್ ಜೆಲ್‌ನಿಂದ ಪ್ಲಾಸ್ಟಿಕ್ಕುಗಳ ಅಣುಗಾತ್ರ ಅಳೆದರು. ಆದರೆ ಯೆರ್ಟೆನ್ ಇದ್ದದ್ದೂ ಟಿಸೆಲಿಯಸರ ಸಂಸ್ಥೆಯಲ್ಲೇ, ಡೆಕ್ಸ್‌ಟ್ರಾನಿನ ಜೆಲ್ ದಾರಿ ತೋರಿಸಿದ ಮೇಲೆಯೇ. ಒಂದರ ಬದಲು ಇನ್ನೊಂದು ಬರಬಹುದಿತ್ತು ಎಂಬುದು ವಸ್ತುವಿನ ಪಾತ್ರವನ್ನು ಅಲ್ಲಗಳೆಯುವುದಿಲ್ಲ. ಯಾವುದೋ ಒಂದು ನಂಬಿಗಸ್ತ ವಸ್ತು ಬರಲೇಬೇಕಿತ್ತು ಎಂಬುದನ್ನೇ ಅದು ಹೇಳುತ್ತದೆ.

ಅಳತೆಯ ಮಾತಿಗೆ ಬರೋಣ. ಲಂಡನ್ನಿನವರು ತೋರಿಸಿದ ದಾರಿಯನ್ನು ಸೆಫಾಡೆಕ್ಸ್ ಮೇಲೆ ಗಟ್ಟಿಗೊಳಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ರೆಡಿಂಗ್ ಬಳಿಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ಪೀಟರ್ ಆಂಡ್ರ್ಯೂಸ್. ತೂಕ ಗೊತ್ತಿರುವ ಪ್ರೋಟೀನುಗಳನ್ನು ಒಂದೊಂದಾಗಿ ಹರಿಸಿ, ಹೊರಬಂದ ದ್ರವದ ಪ್ರಮಾಣಕ್ಕೂ ಅಣುತೂಕದ ಲಾಗರಿದಂಗೂ ಗೆರೆ ಎಳೆದರು. 1965ರ ಅವರ ಲೇಖನ ಜಿ-200ರ ಮೇಲೆ 3,500 ತೂಕದ ಗ್ಲೂಕಗಾನ್‌ನಿಂದ 8,20,000 ತೂಕದ ಕ್ರಿಸ್ಟಲಿನ್‌ವರೆಗೆ ಹೋಗುತ್ತದೆ. ಗುರುತಿಲ್ಲದ ಪ್ರೋಟೀನು ಆ ಗೆರೆಯ ಮೇಲೆ ಎಲ್ಲಿ ಬೀಳುತ್ತದೆಂದು ನೋಡಿದರೆ ಅದರ ತೂಕ ಸಿಕ್ಕಿತು. ಸ್ವೆಡ್‌ಬರ್ಗರ ಯಂತ್ರ ಕೊಡುತ್ತಿದ್ದ ಉತ್ತರ ಗಾಜಿನ ಕೊಳವೆಯಿಂದ ಬರತೊಡಗಿತು. ಆದರೆ ಇಲ್ಲೊಂದು ತಕರಾರು ಸರಿಯಾಗಿಯೇ ಎದ್ದಿತು: ಕಾಲಂ ಅಳೆಯುವುದು ತೂಕವನ್ನಲ್ಲ. ಸಕ್ಕರೆ ಹೊತ್ತ ಪ್ರೋಟೀನುಗಳು ಗೆರೆಯಿಂದ ಆಚೆ ಬೀಳುತ್ತವೆ ಎಂದು ಆಂಡ್ರ್ಯೂಸ್ ತಾವೇ ಗುರುತಿಸಿದ್ದರು. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೊಜೆನ್‌ನ ತೂಕ ಸುಮಾರು 3,40,000. ಆದರೆ ಅದು ಉದ್ದನೆಯ ಕೋಲಿನಂಥದ್ದು, ಹಾಗಾಗಿ ತನಗಿಂತ ಭಾರವಾದ ದುಂಡು ಪ್ರೋಟೀನುಗಳಿಗಿಂತ ಮುಂಚೆ ಹೊರಬರುತ್ತದೆ. ಕಾಲಂ ನಿಜವಾಗಿ ಅಳೆಯುವುದು ದ್ರವದಲ್ಲಿ ಅಣು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು, ಅಂದರೆ ಸ್ಟೋಕ್ಸ್ ತ್ರಿಜ್ಯವನ್ನು, ಎಂದು ಸೀಗಲ್ ಮತ್ತು ಮಾಂಟಿ 1966ರಲ್ಲಿ ತೋರಿಸಿಕೊಟ್ಟರು. ಈ ತಿದ್ದುಪಡಿಯಿಂದ ವಿಧಾನದ ಬೆಲೆ ಕುಗ್ಗಲಿಲ್ಲ. ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಖಚಿತವಾಯಿತು.

1970ರ ಹೊತ್ತಿಗೆ ಸೋಡಿಯಂ ಡೊಡೆಸಿಲ್ ಸಲ್ಫೇಟ್ ಎಂಬ ಮಾರ್ಜಕ ಬೆರೆಸಿ ಜೆಲ್ ಹಾಳೆಯ ಮೇಲೆ ಪ್ರೋಟೀನ್ ಓಡಿಸುವ ವಿಧಾನ ಬಂತು. ಅಣುತೂಕ ತಿಳಿಯಲು ಅದು ಹೆಚ್ಚು ಬೇಗ, ಹೆಚ್ಚು ಅಗ್ಗ. ಕಾಲಂ ಇನ್ನು ಯಾಕೆ ಎಂದವರಿದ್ದರು. ಅದಕ್ಕೆ ಉತ್ತರ ನಮ್ಮ ನಾಡಿನ ಒಂದು ಕೆಲಸದಲ್ಲೇ ಇದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಶಿವರಾಜ್ ಮತ್ತು ಪಟ್ಟಾಭಿರಾಮನ್ ರಾಗಿ ಕಾಳಿನಿಂದ ಒಂದು ಪ್ರೋಟೀನನ್ನು ಶುದ್ಧವಾಗಿ ಬೇರ್ಪಡಿಸಿ 1981ರಲ್ಲಿ ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಉಪ್ಪಿನ ದ್ರಾವಣದಲ್ಲಿ 100 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೂ ಕೆಡದ ಈ ಪ್ರೋಟೀನು ಪಿಷ್ಟ ಒಡೆಯುವ ಅಮೈಲೇಸನ್ನೂ ಪ್ರೋಟೀನ್ ಒಡೆಯುವ ಟ್ರಿಪ್ಸಿನ್ನನ್ನೂ ತಡೆಯುತ್ತದೆ. ಎರಡನ್ನೂ ಒಂದೇ ಹೊತ್ತಿಗೆ ಹಿಡಿಯುತ್ತದೆಯೇ, ಅಥವಾ ಒಂದನ್ನು ಹಿಡಿದಾಗ ಇನ್ನೊಂದನ್ನು ಬಿಡುತ್ತದೆಯೇ? ಸೋಡಿಯಂ ಡೊಡೆಸಿಲ್ ಸಲ್ಫೇಟ್ ಬೆರೆಸಿದರೆ ಹಿಡಿತಗಳೆಲ್ಲ ಬಿಟ್ಟುಹೋಗುತ್ತವೆ, ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಅವರು ಪಾಲಿಅಕ್ರಿಲಮೈಡ್ ಕಣಗಳ ಬಯೋ-ಜೆಲ್ ಪಿ-200 ಕಾಲಂ ಬಳಸಿದರು. ಟ್ರಿಪ್ಸಿನ್‌ನೊಂದಿಗೆ ಕಟ್ಟಿಕೊಂಡ ಜೋಡಿ, ಅಮೈಲೇಸ್‌ನೊಂದಿಗೆ ಕಟ್ಟಿಕೊಂಡ ಜೋಡಿ, ಮೂರೂ ಸೇರಿದ ಕೂಟ, ಎಲ್ಲವೂ ಆ ಕಾಲಂನಲ್ಲಿ ಕಂಡವು. ರಾಗಿಯ ಆ ಪ್ರೋಟೀನಿಗೆ ಎರಡು ಹಿಡಿಗಳಿವೆ, ಎರಡೂ ಏಕಕಾಲಕ್ಕೆ ಕೆಲಸ ಮಾಡುತ್ತವೆ ಎಂಬುದು ಹೀಗೆ ಸಾಬೀತಾಯಿತು. ಅಣುಗಳನ್ನು ಅವುಗಳ ಸಹಜ ಸ್ಥಿತಿಯಲ್ಲೇ, ಅವುಗಳ ಸಂಬಂಧಗಳನ್ನು ಕಡಿಯದೆ ನೋಡುವ ಈ ಸಾಮರ್ಥ್ಯದಿಂದಲೇ ಕಾಲಂ ಇಂದಿಗೂ ಉಳಿದಿದೆ.

ಇನ್ಸುಲಿನ್ ಕಥೆಯಲ್ಲೂ ಇದೇ ಕಾಲಂ ಇದೆ. ಮತ್ತೆ ಮತ್ತೆ ಹರಳುಗಟ್ಟಿಸಿ ಶುದ್ಧವೆಂದು ನಂಬಿದ್ದ ಇನ್ಸುಲಿನ್ನಿನಲ್ಲಿ ಬೇರೆ ಪ್ರೋಟೀನುಗಳೂ ಬೆರೆತಿದ್ದವು. 1967ರಲ್ಲಿ ಡೊನಾಲ್ಡ್ ಸ್ಟೈನರ್ ಬೆಳಕಿಗೆ ತಂದ ಪ್ರೊಇನ್ಸುಲಿನ್ ಅವುಗಳಲ್ಲೊಂದು. ಇನ್ಸುಲಿನ್ ತೂಕ ಸುಮಾರು 5,800 ಆದರೆ ಅದರದ್ದು ಸುಮಾರು 9,000. ಗಾತ್ರದ ಈ ಅಂತರ ಜೆಲ್ ಕಾಲಂಗೆ ಸಾಕಿತ್ತು. 1970ರ ದಶಕದಲ್ಲಿ ಇಂಥ ಕಾಲಂ ಹಾದು ಬಂದ ಇನ್ಸುಲಿನ್ ಔಷಧವಾಗಿ ಮಾರುಕಟ್ಟೆಗೆ ಬಂತು. ಇನ್ನು ಫಾರ್ಮಾಸಿಯಾದಂಥ ಕಂಪನಿಯೊಂದು ತನ್ನ ಜೆಲ್ ಮೂಲಕ ವಿಜ್ಞಾನದ ದಿಕ್ಕನ್ನು ಹಿಡಿದಿಟ್ಟುಕೊಳ್ಳುವುದು ಒಳ್ಳೆಯದೇ ಎಂದು ಕೇಳುವವರಿಗೆ ನನ್ನ ಉತ್ತರ ಎರಡು ಬಗೆಯದು. ಪೇಟೆಂಟ್ ಇತ್ತು, ಬೆಲೆ ಇತ್ತು, ಲಾಭವೂ ಇತ್ತು. ದೂರದ ದೇಶಗಳ ಲ್ಯಾಬುಗಳು ಪ್ರತಿ ಡಬ್ಬಿಯನ್ನೂ ಆಮದು ಮಾಡಿಕೊಳ್ಳಬೇಕಿತ್ತು. ಅಷ್ಟೇ ನಿಜವಾದ ಇನ್ನೊಂದು ಮಾತು, ಫಾರ್ಮಾಸಿಯಾ ಜೆಲ್ ಜೊತೆಗೆ ಅದನ್ನು ಬಳಸುವ ಬಗೆಯನ್ನೂ ಕೈಪಿಡಿಗಳಾಗಿ ಅಚ್ಚುಹಾಕಿಸಿ ಹಂಚಿತು. ಉಬ್ಬಿಸುವುದು, ತುಂಬುವುದು, ನೀಲಿ ಡೆಕ್ಸ್‌ಟ್ರಾನ್ ಹರಿಸಿ ನೋಡುವುದು ಒಂದು ಪೀಳಿಗೆಯ ಜೀವರಸಾಯನಜ್ಞರಿಗೆ ಆ ಕೈಪಿಡಿಗಳಿಂದಲೇ ಕೈಗೆ ಬಂತು.

ಕನ್ನಡದಲ್ಲಿ ಜೀವರಸಾಯನದ ಪಠ್ಯ ಬರೆಯುವವರಲ್ಲಿ ಒಂದು ವಿನಂತಿ. ಈ ವಿಧಾನದ ಅಧ್ಯಾಯದಲ್ಲಿ 1959ರ ಪೊರಾಟ್ ಮತ್ತು ಫ್ಲೊದಿನ್ ಹೆಸರಿನ ಮೊದಲು 1956ರ ಲೇಥ್ ಮತ್ತು ರೂಥ್ವೆನ್ ಹೆಸರನ್ನು ಸೇರಿಸಿ, ಡೆಕ್ಸ್‌ಟ್ರಾನ್ ಔಷಧವಾಗಿ ಬಂದ ದಾರಿಗೆ ಒಂದು ಪುಟ ಕೊಡಿ, ಉದಾಹರಣೆಗೆ ಮಣಿಪಾಲದ ರಾಗಿಯ ಪ್ರಯೋಗವನ್ನು ತೆಗೆದುಕೊಳ್ಳಿ. ರಾಗಿಯನ್ನು ಬಲ್ಲ ವಿದ್ಯಾರ್ಥಿಗೆ ಅದು ಬೇಗ ಅರ್ಥವಾಗುತ್ತದೆ.